ದೇವರ ಮನೆಯ ಮೇಲಿನ ಬಯಲು

ನಾನು ಸೊಸೆಯಾಗಿ ಹೊಕ್ಕ ಮನೆಯಲ್ಲಿ ಎರಡು ಕಾಲಗಳು ಒಟ್ಟಿಗೆ ವಾಸ ಮಾಡುತ್ತಿದ್ದವು. ಮಹಡಿಯ ಮೇಲೆ ಯುಗಾದಿ, ಮಹಡಿಯ ಕೆಳಗೆ ಸಂಕ್ರಾಂತಿ. ಚಳಿಗಾಲದ ಬೆಳಗ್ಗೆ ಕೆಳಗಿನ ನಡುಮನೆಯಲ್ಲಿ ಕೊಬ್ಬರಿ ಎಣ್ಣೆ ಬಟ್ಟಲಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಅದೇ ಬಟ್ಟಲನ್ನು ಮೇಲಕ್ಕೆ ಒಯ್ದಿಟ್ಟರೆ, ನಾನು ಜಡೆ ಬಿಚ್ಚಿ ಸಿಕ್ಕು ಬಿಡಿಸುವಷ್ಟರಲ್ಲಿ ಅಂಚೆಲ್ಲ ಕರಗಿರುತ್ತಿತ್ತು. ಹಾಲಿಗೆ ಹೆಪ್ಪು ಹಾಕಿ ಕೆಳಗಿಟ್ಟರೆ ಮಾರನೆಯ ಮಧ್ಯಾಹ್ನವಾದರೂ ಅದು ಹಾಲೂ ಅಲ್ಲ, ಮೊಸರೂ ಅಲ್ಲ. ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಆ ಮನೆಯ ನೆನಪು ಬಂದಾಗ ನನಗೆ ಮೊದಲು ಬರುವುದು ಮುಖಗಳಲ್ಲ, ಒಂದು ಮೆಟ್ಟಿಲು. ಹತ್ತುತ್ತ ಹತ್ತುತ್ತ ಅಲ್ಲಿಗೆ ಬಂದಾಗ ಕಾಲು ಇನ್ನೂ ಚಳಿಯಲ್ಲಿರುತ್ತಿತ್ತು, ಕೆನ್ನೆಗೆ ಬಿಸುಪು ತಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹತ್ತಿದರೂ ಅದು ಯಾವ ಮೆಟ್ಟಿಲೆಂದು ನನಗೆ ಗೊತ್ತಾಗುತ್ತಿತ್ತು.

ಮನೆ ಇದ್ದದ್ದು ಅಕ್ಕಿಹೆಬ್ಬಾಳಿನ ಅಂಚಿಗೆ, ಹೇಮಾವತಿಯ ದಂಡೆಯಲ್ಲಿ. ನನ್ನ ತವರು ಶ್ರೀರಂಗಪಟ್ಟಣ. ಎರಡು ಹೊಳೆಯ ನಡುವೆ ಹುಟ್ಟಿ ಬೆಳೆದವಳು, ನೀರಿಗೆ ಹೆದರುವವಳಲ್ಲ. ಆದರೆ ನಮ್ಮೂರ ಕಾವೇರಿ ಬಂಡೆಗೆ ಬಡಿದು ಸದ್ದು ಮಾಡಿಕೊಂಡು ಹೋಗುವ ಹೊಳೆ. ಇಲ್ಲಿನದು ಹಾಗಲ್ಲ. ಕನ್ನಂಬಾಡಿ ಕಟ್ಟೆ ಎದ್ದು ಹಿನ್ನೀರು ನಿಂತ ಮೇಲೆ ಹೇಮಾವತಿಗೆ ಮೊದಲಿನ ಓಟವಿಲ್ಲ, ನೆಲಕ್ಕೆಲ್ಲ ಶೀತ ಏರಿದೆ ಎಂದು ಊರಿನವರು ಹೇಳುತ್ತಿದ್ದರು. ನಿಜವೋ ಸುಳ್ಳೋ, ಕಾರ್ತೀಕ ಕಳೆಯುತ್ತಲೇ ಮಂಜು ಹೊಳೆಯಿಂದೆದ್ದು ಗದ್ದೆ, ಹಿತ್ತಲು, ಕೊಟ್ಟಿಗೆ ದಾಟಿ, ಹತ್ತಿರದ ನೆಂಟರ ಹಾಗೆ ಯಾರನ್ನೂ ಕೇಳದೆ ನಡುಮನೆಗೆ ಬಂದುಬಿಡುತ್ತಿತ್ತು. ನೆಲದ ಚಪ್ಪಡಿಗಳು ಬೆವರುತ್ತಿದ್ದವು. ಬರಿಗಾಲಲ್ಲಿ ನಿಂತರೆ ಚಳಿ ಮೊಣಕಾಲಿಗೆ ಹತ್ತಿ, ಅಲ್ಲಿಂದ ಸೊಂಟಕ್ಕೆ ಹೋಗಿ, ಅಲ್ಲೇ ಬಿಡಾರ ಹೂಡುತ್ತಿತ್ತು.

ಮನೆಯಲ್ಲಿ ನಾವು ನಾಲ್ಕೇ ಜನ. ಅತ್ತೆ, ಮಾವ, ನನ್ನ ಯಜಮಾನರು, ನಾನು. ಮಾವನಿಗೆ ಉಬ್ಬಸ. ಚಳಿ ಬಿತ್ತೆಂದರೆ ಅವರ ಎದೆಯೊಳಗೆ ಪೀಪಿ ಊದಿದ ಸದ್ದು ಶುರುವಾಗುತ್ತಿತ್ತು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ತೇವದ ನೆಲದ ಮೇಲೆ ಮಲಗಿಸಬೇಡಿ, ಬೆಚ್ಚಗೆ ಇಡಿ, ಉಸಿರು ಉಳಿಯುವುದು ಅದರಿಂದಲೇ ಎಂದು ಕೃಷ್ಣರಾಜಪೇಟೆಯ ವೈದ್ಯರು ಹೇಳಿದರು. ಅದೇ ನೆಪವಾಗಿ ನಮ್ಮ ಯಜಮಾನರು ಮಹಡಿ ಎಬ್ಬಿಸಿದರು. ನೆಪ ಎಂದು ಯಾಕೆ ಹೇಳಿದೆನೆಂದರೆ, ಮದುವೆಯಲ್ಲಿ ನನ್ನ ತವರಿನ ಬೀದಿಯ ಮಹಡಿ ಮನೆಗಳನ್ನು ನೋಡಿದ ದಿನವೇ ಅವರಿಗೆ ಆ ಹುಚ್ಚು ಹಿಡಿದಿತ್ತು. ಹೊಸ ಹೆಂಡತಿಯನ್ನು ನೋಡುವುದು ಬಿಟ್ಟು ಕತ್ತೆತ್ತಿಕೊಂಡು ಜಂತೆ ಎಣಿಸುತ್ತಿದ್ದ ಗಂಡ ನನಗೆ ಸಿಕ್ಕಿದ್ದು. ಹೆಂಚು ರೈಲಿನಲ್ಲಿ ಬಂದು ನಮ್ಮೂರ ಸ್ಟೇಷನ್ನಿನಲ್ಲಿ ಇಳಿಯಿತು. ಹಲಸಿನ ಹಲಗೆ, ಮತ್ತಿಯ ತೊಲೆ ಗಾಡಿಯಲ್ಲಿ ಬಂದವು. ಹೆಂಚಿನ ಕೆಳಗೂ ಹಲಗೆ ಹೊಡೆಸಿ, ಏರಿದ ಬಿಸಿ ಆಚೆಗೆ ಹೋಗದ ಹಾಗೆ ಮಾಡಿದರು.

ಆ ಮಹಡಿಗೆ ಒಂದು ಊನವಿತ್ತು. ಅದನ್ನು ಉಳಿಸಿದವರು ಅತ್ತೆ. ದೇವರ ಮನೆಯ ಮೇಲೆ ಯಾರೂ ಕಾಲಿಡಬಾರದು, ಅಲ್ಲಿ ಮಹಡಿಯ ನೆಲ ಹಾಕಕೂಡದು ಎಂದು ಅವರು ಪಟ್ಟು ಹಿಡಿದರು.

"ದೇವ್ರ ನೆತ್ತಿ ಮ್ಯಾಲೆ ಓಡಾಡ್ಕಂಡು ಯಾವ್ ಮನೆ ಉದ್ಧಾರ ಆಗದೆ? ಅಷ್ಟು ಬಯ್ಲು ಬುಡು," ಎಂದರು.

"ಮಾಡಿ ಮಾಡಿ ಮಹಡಿ ನಡುವೆ ಬಾವಿ ತೋಡ್ದಂಗಾಯ್ತದಲ್ಲವ್ವ," ಎಂದು ಮಗ ಗೊಣಗಿದರು. ಆದರೂ ಬಿಟ್ಟರು. ಕೆಳಗಿನ ದೇವರ ಮನೆ ಎಷ್ಟು ಅಗಲವಿತ್ತೋ ಅಷ್ಟೇ ಅಗಲದ ಬಯಲು ಮಹಡಿಯ ನಡುವೆ ಉಳಿಯಿತು. ಸುತ್ತ ಸೊಂಟದೆತ್ತರಕ್ಕೆ ಮರದ ಕಟಕಟೆ. ಅದರ ಮೇಲೆ ಬಗ್ಗಿದರೆ ಕೆಳಗೆ ದೀಪದ ಕುಡಿ, ಮನೆದೇವರ ಬೆಳ್ಳಿ ಕಣ್ಣು, ದೀಪದ ಮುಂದೆ ಕೂತ ಅತ್ತೆಯ ಬೈತಲೆ ಕಾಣುತ್ತಿತ್ತು. ಧೂಪದ ಹೊಗೆ ಮೇಲಕ್ಕೆ ಬಂದು, ಹಲಗೆಗೆ ತಾಗಿ, ಎಲ್ಲಿಗೆ ಹೋಗಲಿ ಎಂದು ಯೋಚಿಸುತ್ತ ಅಲ್ಲೇ ತೇಲುತ್ತಿತ್ತು. ನಾನು ಕೆಲಸ ಮರೆತು ಅದನ್ನು ನೋಡುತ್ತ ನಿಂತುಬಿಡುತ್ತಿದ್ದೆ. ಒಲೆಯ ಮೇಲಿನ ಸಾರು ಸೀದದ್ದೂ ಉಂಟು.

ಬಿಸಿಗೂ ಅದೇ ದಾರಿ. ಅಡಿಗೆಮನೆಯ ಒಲೆಯ ಶಾಖ, ಅತ್ತೆಯ ಅಗ್ಗಿಷ್ಟಿಕೆಯ ಶಾಖ, ಎಲ್ಲ ದೇವರ ಮನೆಯ ಬಾಗಿಲಲ್ಲಿ ನುಗ್ಗಿ ಬಯಲು ಹಿಡಿದು ಮೇಲಕ್ಕೆ ಏರುತ್ತಿತ್ತು. ಕಟಕಟೆಗೆ ತಾಗಿ ಮಾವನ ಮಂಚ. ಸಂಜೆ ಅವರು ಅಂಗೈಗಳನ್ನು ಬಯಲಿಗೆ ಚಾಚಿ ಕಾಯಿಸಿಕೊಳ್ಳುತ್ತಿದ್ದರು. ಮಹಡಿಯ ಮೇಲೆಯೇ ಕೆಂಡ ಇಡೋಣವೆಂದರೆ ಯಜಮಾನರು ಬಿಡಲಿಲ್ಲ. ಹಲಗೆಯ ನೆಲ, ಹುಲ್ಲಿನ ಹಾಸಿಗೆ, ಒಂದು ಕಿಡಿ ಸಾಕು. ಹಾಗಾಗಿ ಮಾವನ ಎದೆಗೆ ಬೇಕಾದ ಬಿಸುಪೆಲ್ಲ ಕೆಳಗಿನಿಂದಲೇ ಹೋಗಬೇಕು. ಕೆಳಗಿನದೆಲ್ಲ ಮೇಲೆ ಹೋದರೆ ಕೆಳಗೆ ಉಳಿಯುವುದೇನು? ಬೆವರುವ ಚಪ್ಪಡಿ, ಅದರ ಮೇಲೆ ಅತ್ತೆ.

ಅತ್ತೆಗೆ ಮೊಣಕಾಲು ಸೋತಿತ್ತು. ಹೊಳೆಯ ಮೆಟ್ಟಿಲಲ್ಲಿ ಕೊಡದ ಸಮೇತ ಜಾರಿ ಬಿದ್ದಂದಿನಿಂದ ಮಂಡಿ ಮಡಚಲು ಬಾರದು. ಮಹಡಿಯ ಮೆಟ್ಟಿಲೋ ಏಣಿಯ ಹಾಗೆ ಕಡಿದು. ಅವರು ಹತ್ತುವ ಹಾಗಿಲ್ಲ. ಮಾವನನ್ನು ಮಹಡಿ ಮುಗಿದ ವರ್ಷ ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ದದ್ದೇ ಕೊನೆ, ಅವರು ಇಳಿಯುವ ಹಾಗಿಲ್ಲ. ಹೀಗೆ ಜೀವಮಾನವೆಲ್ಲ ಒಂದೇ ಸೂರಿನ ಕೆಳಗೆ ಕಳೆದ ಗಂಡ ಹೆಂಡಿರು ಎರಡು ಅಂತಸ್ತಾದರು. ಅದು ಯಾರಿಗೂ ಸಂಗತಿ ಎನ್ನಿಸಲೇ ಇಲ್ಲ. ಯಾಕೆಂದರೆ ಅವರು ಮೊದಲೂ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಆ ಕಾಲದಲ್ಲಿ ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಹಿರಿಯರು ಹೋದ ಮೇಲೆ ಮಕ್ಕಳ ಎದುರಿಗೆ ಮಾತಾಡುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಮಾತಾಡದಿರುವುದೇ ರೂಢಿಯಾಗಿರುತ್ತಿತ್ತು. ಮಾವ ಕೆಮ್ಮಿದರೆ ಅತ್ತೆ ನೀರು ತರುವರು, ಅತ್ತೆ ಬಳೆ ಸದ್ದು ಮಾಡಿದರೆ ಮಾವ ಊಟಕ್ಕೆ ಏಳುವರು. ನಾನೂ ನನ್ನ ಯಜಮಾನರೂ ಅದೇ ದಾರಿಯಲ್ಲಿದ್ದೆವು. ಬೇಕಾದ ಮಾತಿಗೆ ಗದ್ದೆಯ ಬದುವೇ ಗತಿ.

ಎರಡು ಅಂತಸ್ತಿನ ನಡುವೆ ಓಡಾಡುವ ಭಾಗ್ಯ ನನ್ನದು. ಬಿಸಿನೀರು ಮೇಲೆ, ಚೊಂಬು ಕೆಳಗೆ. ಹಿಟ್ಟಿನ ಮುದ್ದೆ ಮೇಲೆ, ಉಂಡ ತಣಿಗೆ ಕೆಳಗೆ. ಮೊಸರಿನ ಗಡಿಗೆಯೂ ಮಾವನೂ ಒಂದೇ ಕೋಣೆಯಲ್ಲಿದ್ದದ್ದರಿಂದ ಹೆಪ್ಪಿಗೊಂದು ಸಲ, ಮೊಸರಿಗೊಂದು ಸಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಹತ್ತುವಾಗ ಮಹಡಿ ಕಟ್ಟಿಸಿದವರನ್ನು ಬಯ್ಯುತ್ತಿದ್ದೆ, ಇಳಿಯುವಾಗ ಮಹಡಿ ಎಂಬುದನ್ನು ಮೊದಲು ಕಂಡುಹಿಡಿದವರನ್ನು ಬಯ್ಯುತ್ತಿದ್ದೆ.

ಊರಲ್ಲಿ ಅತ್ತೆಗೆ ದೊಡ್ಡ ಭಕ್ತೆಯೆಂದು ಹೆಸರು. ದೀಪ ಹಚ್ಚುವ ಹೊತ್ತಿಗೆ ದೇವರ ಮನೆಗೆ ಹೋಗಿ ಕೂತರೆ ಏಳುತ್ತಿರಲಿಲ್ಲ. ಹೊಸ್ತಿಲ ಬಳಿ ಅಗ್ಗಿಷ್ಟಿಕೆ ಇಟ್ಟುಕೊಳ್ಳುವರು. ಕೆಂಡವನ್ನು ಮೊದಲು ಹಿತ್ತಲಲ್ಲಿ ಗಾಳಿಗಿಟ್ಟು, ಹೊಗೆ ಪೂರ್ತಿ ಹೋಯಿತೆಂದು ತಾವೇ ಬಗ್ಗಿ ಮೂಸಿ ನೋಡಿ, ಆಮೇಲೆ ಒಳಗೆ ತರಿಸುವರು. ಆಮೇಲೆ ದೇವರ ಜೊತೆ ಮಾತು. ಹಾಡಲ್ಲ, ಮಂತ್ರವಲ್ಲ, ಬರೀ ಮಾತು, ಅದೂ ಗದರುವ ಮಾತು.

"ಸ್ವಾಮೀ, ಕಂಬ್ಳಿ ವೊದ್ಕಂಡು ಕೂತ್ಕಳಿ. ಏನು ಎಳೆ ಮಗಾ ಅನ್ಕಂಡಿದ್ದೀರಾ?"

"ಸ್ವಾಮೀ, ಇವತ್ತು ಉಳ್ಳಿಕಾಳು ಬಸ್ಸಾರು ಮಾಡ್ಸಿವ್ನಿ. ಸೊಸೆ ಉಪ್ಪು ಒಸಿ ಜಾಸ್ತಿ ಆಕವ್ಳೆ. ಮೊಕ ಕಿವುಚ್ದೆ ಉಣ್ಣಿ."

ಅಡಿಗೆಮನೆಯಲ್ಲಿ ಇದನ್ನು ಕೇಳುತ್ತ ನಾನು ಉರಿದುಕೊಳ್ಳುತ್ತಿದ್ದೆ. ಉಪ್ಪಿನ ಸಮಾಚಾರ ದೇವರ ತನಕ ಒಯ್ಯಬೇಕೆ? ಆಮೇಲೆ, ದೇವರಿಗೆ ಕಂಬಳಿ ಹೊದೆಯುವ ಪದ್ಧತಿ ಯಾವ ಸೀಮೆಯದು ಎಂದೂ ಅನ್ನಿಸುತ್ತಿತ್ತು. ಹಳ್ಳಿಯ ಭಕ್ತಿ ಹೀಗೇ ಇರಬೇಕು ಎಂದು ಪೇಟೆಯ ಹುಡುಗಿಯ ಜಂಬದಲ್ಲಿ ಸುಮ್ಮನಾಗುತ್ತಿದ್ದೆ.

ಒಂದು ಸಂಜೆ ಮಾವನಿಗೆ ಕಷಾಯ ಕೊಟ್ಟು, ಹೆಪ್ಪಿನ ಗಡಿಗೆಗೆ ಗೋಣಿ ಸುತ್ತುತ್ತ ಮೂಲೆಯಲ್ಲಿ ಕೂತಿದ್ದೆ. ನಾನಿರುವುದು ಮಾವನಿಗೆ ಮರೆತಿತ್ತು. ಮೆಲ್ಲಗೆ ಲೋಟ ಎತ್ತಿಕೊಂಡು ಕಿಟಕಿಯ ಕಡೆಗೆ ಕೈ ಚಾಚಿದರು. ಅಷ್ಟರಲ್ಲಿ ಬಯಲಿನ ಆಳದಿಂದ, ಧೂಪದ ಜೊತೆಯಲ್ಲಿ, ಅತ್ತೆಯ ದನಿ ಬಂತು.

"ಸ್ವಾಮೀ, ಕಸಾಯ ಕಿಟ್ಕಿ ಆಚ್ಗೆ ಸುರುದು ಸುರುದು ನುಗ್ಗೆಗಿಡ ಒಣಗೋಗ್ತಾ ಅದೆ. ನಾನು ದಿನಾ ನೋಡ್ತಾ ಇವ್ನಿ."

ಮಾವನ ಕೈ ಅಲ್ಲೇ ನಿಂತಿತು. ಲೋಟ ಹಿಂದಕ್ಕೆ ಬಂತು. ಔಷಧಿ ಕುಡಿಯುವ ಮಗುವಿನ ಹಾಗೆ ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದು, ಕಟಕಟೆಯ ಕಡೆಗೆ ತಿರುಗಿ ಎರಡು ಸಲ ಕೆಮ್ಮಿದರು. ಉಬ್ಬಸದ ಕೆಮ್ಮಲ್ಲ ಅದು. ಗಂಟಲು ಸರಿಮಾಡಿಕೊಳ್ಳುವ, ಆಯಿತು ಎನ್ನುವ ಕೆಮ್ಮು. ಕೆಳಗಿನಿಂದ ಉತ್ತರವಾಗಿ ದೇವರ ಗಂಟೆ ಸಣ್ಣಗೆ ಅಲುಗಿತು.

ನಾನು ಬಾಯಿಗೆ ಸೆರಗು ತುರುಕಿಕೊಂಡು ನಗು ತಡೆದೆ. ನಗುವಿನ ಹಿಂದೆಯೇ ಕಣ್ಣಲ್ಲಿ ನೀರು ಬಂತು. ಕಂಬಳಿ, ಬಸ್ಸಾರು, ಉಪ್ಪು, ಎಲ್ಲ ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ಇಬ್ಬರೂ ಪಕ್ಕಪಕ್ಕದಲ್ಲಿದ್ದಾಗ ಆಡದ ಮಾತೆಲ್ಲ ಈಗ ದೇವರ ನೆತ್ತಿಯ ಮೇಲಿನ ಬಯಲಲ್ಲಿ ಆಡುತ್ತಿದ್ದರು. ನಾನು ಯಾರಿಗೂ ಹೇಳಲಿಲ್ಲ. ಅದು ಅವರ ಸೊತ್ತು. ಅಂದಿನಿಂದ ದೀಪದ ಹೊತ್ತಿಗೆ ಮೇಲೆ ಏನಾದರೂ ಕೆಲಸ ಹುಡುಕಿಕೊಂಡು ಹೋಗಿ ಮೂಲೆಯಲ್ಲಿ ಕೂರುತ್ತಿದ್ದೆ. ಕೆಳಗಿನಿಂದ ಬಿಸುಪು ಬರುತ್ತಿತ್ತು, ಬಿಸುಪಿನ ಜೊತೆಗೆ ದನಿ. ಯಾವುದು ಯಾವುದನ್ನು ಹೊತ್ತು ತರುತ್ತಿತ್ತೋ ಅರೆನಿದ್ದೆಯಲ್ಲಿ ನನಗೆ ತಿಳಿಯುತ್ತಿರಲಿಲ್ಲ.

ಮುಂದಿನ ದೀಪಾವಳಿಗೆ ತವರಿಗೆ ಹೋದೆ. ತಿಂಗಳು ಕಳೆದು ಹಿಂದಿರುಗಿ ರೈಲಿಳಿದು ಮನೆಗೆ ಬಂದಾಗ ನಡುಮನೆಯ ನೆಲಕ್ಕೆ ಕಾಲಿಟ್ಟು ಬೆರಗಾದೆ. ಬೆಚ್ಚಗಿತ್ತು! ಹುಲ್ಲು ಹಾಸಿ ಮೇಲೆ ಈಚಲು ಚಾಪೆ ಹಾಸಿದ್ದರು. ಆದರೆ ಅಷ್ಟೇ ಅಲ್ಲ. ದೇವರ ಮನೆಯಲ್ಲಿ ಕತ್ತೆತ್ತಿ ನೋಡಿದರೆ ಬಯಲಿಲ್ಲ, ಹೊಸ ಹಲಗೆ. ನಾನಿಲ್ಲದಾಗ ಅತ್ತೆಯ ಮಂಡಿ ಊದಿಕೊಂಡು ಅವರು ಹಾಸಿಗೆ ಹಿಡಿದಿದ್ದರಂತೆ. ಮಗನಿಗೆ ಕರುಳು ಚುರ್ ಎಂದಿತು. ಕೆಳಗಿನ ಬಿಸಿ ಕೆಳಗೇ ಇರಲೆಂದು, ಮಂಚದ ಬದಿಯದೊಂದನ್ನು ಬಿಟ್ಟು ಉಳಿದ ಕಟಕಟೆ ಕೀಳಿಸಿ, ಬಯಲನ್ನು ಮುಚ್ಚಿಸಿದರು. ಶಾಸ್ತ್ರ ಕೇಳಿದಾಗ ಪುರೋಹಿತರು, ಹಲಗೆ ಇರಲಿ, ಕಾಲು ಮಾತ್ರ ಇಡಬೇಡಿ ಎಂದರಂತೆ. ಯಾರೂ ಮರೆತು ಕಾಲಿಡದಿರಲೆಂದು ಹಲಗೆಯ ತುಂಬ ಸಿಹಿಗುಂಬಳಕಾಯಿ ಪೇರಿಸಿದ್ದರು.

"ಮ್ಯಾಲೆ ಎಂಗೂ ಹೆಂಚು ಕಾಯ್ತದೆ, ಅಪ್ಪಂಗೆ ಇನ್ನೆರಡು ಕಂಬ್ಳಿ ತಂದಿವ್ನಿ," ಎಂದರು ಯಜಮಾನರು, ಎರಡೂ ಅಂತಸ್ತಿಗೆ ನ್ಯಾಯ ಒದಗಿಸಿದ ಗತ್ತಿನಲ್ಲಿ.

ಮಂಜಿನ ದಿನಗಳಲ್ಲಿ ಹೆಂಚು ಎಲ್ಲಿ ಕಾಯುತ್ತದೆ? ನಾನು ಮೆಟ್ಟಿಲು ಹತ್ತಿದೆ. ಆ ನನ್ನ ಮೆಟ್ಟಿಲಲ್ಲಿ ಕೆನ್ನೆಗೆ ಏನೂ ತಾಗಲಿಲ್ಲ. ಮೇಲೆ ಮಾವ ಮೂರು ಕಂಬಳಿಯ ಒಳಗೆ ಮುದುಡಿಕೊಂಡು ಕುಂಬಳಕಾಯಿ ನೋಡುತ್ತ ಕೂತಿದ್ದರು. ತುಟಿ ಒಣಗಿತ್ತು. ಎದೆಯ ಪೀಪಿ ಮೆಟ್ಟಿಲ ತನಕ ಕೇಳುತ್ತಿತ್ತು.

"ದೇವ್ರು ಯಾಕೋ ಮಾತಾಡ್ತಿಲ್ಲ ಕಣವ್ವ," ಎಂದರು.

ಕೆಳಗೆ ಅತ್ತೆಯೂ ಹಾಗೆಯೇ. ಬೆಚ್ಚನೆಯ ನೆಲ ಸಿಕ್ಕಿದೆ, ಮಂಡಿ ಇಳಿದಿದೆ, ಆದರೂ ಮುಖದಲ್ಲಿ ಕಳೆಯಿಲ್ಲ. ದೀಪ ಹಚ್ಚಿ, ಕೈ ಮುಗಿದು, ಎದ್ದು ಬಂದುಬಿಡುತ್ತಿದ್ದರು. ಭಕ್ತಿ ಕಡಿಮೆಯಾಯಿತೆಂದು ನೆರೆಮನೆಯವರು ಆಡಿಕೊಂಡರು. ಮಾವ ಹಿಟ್ಟು ಬಿಟ್ಟರು, ಗಂಜಿಯನ್ನೂ ಬಿಟ್ಟರು. ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ? ತಾಯಿಗೆ ಚಳಿಯಾಗುತ್ತದೆಂದು ಹಲಗೆ ಹೊಡೆಸಿದ ಮಗನ ಮೇಲೆಯೇ?

ಮಾವ ಗಂಜಿ ಬಿಟ್ಟ ಮಾರನೆಯ ಮಧ್ಯಾಹ್ನ ಗದ್ದೆಗೆ ಊಟ ತೆಗೆದುಕೊಂಡು ಹೋದೆ. ಯಜಮಾನರು ಬದುವಿನ ಮೇಲೆ ಕೂತು ಮುದ್ದೆ ಮುರಿಯುತ್ತ ತಲೆ ಕೊಡವಿದರು.

"ಅಪ್ಪನ ಬುದ್ಧಿ ಕೆಟ್ಟೋಯ್ತಾ ಅದೆ ಕಣೆ. ದೇವ್ರು ಮಾತಾಡ್ತಿಲ್ಲ ಅಂತ ಕೂತವ್ರೆ."

"ದೇವ್ರು ಯಾವತ್ತು ಮಾತಾಡಿತ್ತು? ಮಾತಾಡ್ತಿದ್ದೋರು ನಿಮ್ಮವ್ವ," ಎಂದೆ.

"ಯಾರ್ ಜೊತೆ?"

"ನಿಮ್ಮಪ್ಪನ ಜೊತೆ."

ಮುದ್ದೆ ಬಾಯಿಗೆ ಹೋಗದೆ ನಿಂತಿತು. "ನಮ್ಮವ್ವ? ನಮ್ಮಪ್ಪನ ಜೊತೆ? ನಾನು ಉಟ್ದಾಗಿಂದ ಒಂದ್ ದಿನ ನೋಡಿಲ್ವಲ್ಲೇ!"

"ನೀವು ನೋಡ್ಬಾರ್ದು ಅಂತಾನೇ ದೇವ್ರ ಮುಂದೆ ಮಾತಾಡ್ತಿದ್ದದ್ದು. ಆ ಬಯ್ಲಲ್ಲಿ ಬರೀ ಬಿಸಿ ಹೋಗ್ತಿತ್ತು ಅನ್ಕೊಂಡ್ರಾ?"

ಅವರ ಕಿವಿ ಕೆಂಪಾಯಿತು. ಅಪ್ಪ ಅಮ್ಮನನ್ನು ನೋಡಬಾರದ ಹೊತ್ತಿನಲ್ಲಿ ನೋಡಿಬಿಟ್ಟ ಹಾಗೆ ತಲೆ ಬಗ್ಗಿಸಿದರು. ಬಹಳ ಹೊತ್ತು ಸಾರಿನಲ್ಲಿ ಬೆರಳಾಡಿಸಿದರು. ಕೊನೆಗೆ, "ಯಾರ್ಗೂ ಯೋಳ್ಬ್ಯಾಡ," ಎಂದಷ್ಟೇ ಹೇಳಿ ಕೈ ತೊಳೆದರು.

ಅಂದು ಬೇಗನೆ ಮನೆಗೆ ಬಂದು ಕುಂಬಳಕಾಯಿಗಳನ್ನು ಬದಿಗೆ ಉರುಳಿಸಿದರು. ಹಲಗೆಗೆ ಗೆದ್ದಲು ಹತ್ತಿದೆ, ಗಾಳಿಯಾಡಬೇಕು ಎಂದು ಮೇಲೊಂದು ಸಲ ಕೆಳಗೊಂದು ಸಲ ಗಟ್ಟಿಯಾಗಿ ಸಾರಿದರು. ಹೊಸ ಹಲಗೆಗೆ ಗೆದ್ದಲು! ಹಲಗೆಗಳನ್ನು ಸೇರಿಸಿ ಒಂದೇ ಮುಚ್ಚಳ ಮಾಡಿ, ಒಂದು ಬದಿಗೆ ತಿರುಗಣೆ ಕೂರಿಸಿ, ಬಾವಿಯ ರಾಟೆಯನ್ನೇ ಬಿಚ್ಚಿ ತಂದು ಮೇಲಿನ ತೊಲೆಗೆ ಕಟ್ಟಿದರು. ಹಗ್ಗದ ತುದಿ ದೇವರ ಮನೆಯ ಕಂಬಕ್ಕೆ ಇಳಿಯಿತು. ಕೆಳಗಿನಿಂದ ಎಳೆದರೆ ಮುಚ್ಚಳ ಏಳುತ್ತದೆ, ಬಿಟ್ಟರೆ ಬೀಳುತ್ತದೆ. ರಾಟೆಯಿಲ್ಲದ ಬಾವಿಯಿಂದ ಬರಿಗೈಯಲ್ಲಿ ನೀರು ಸೇದಬೇಕಾದವಳು ನಾನು. ಆದರೂ ಆ ಸಲ ಬಯ್ಯಲಿಲ್ಲ.

ಇನ್ನು ಎಲ್ಲ ನೆಟ್ಟಗಾಯಿತು ಎಂದುಕೊಂಡರೆ, ಶುರುವಾಯಿತು ನೋಡಿ ಜಗಳ. ಅತ್ತೆ ಹಗ್ಗ ಎಳೆದು ಮುಚ್ಚಳ ತೆರೆಯುವರು. ಮಾವ ಊರುಗೋಲಿನಿಂದ ಒತ್ತಿ ಅದನ್ನು ಮುಚ್ಚುವರು. ಮತ್ತೆ ಅತ್ತೆ ಎಳೆಯುವರು.

"ಸ್ವಾಮೀ, ಬಾಗ್ಲು ತೆಗ್ದಿರ್ಲಿ. ಇಲ್ಲಿ ವಿಪ್ರೀತ ಸೆಕೆ," ಎಂದು ಕೆಳಗಿನ ದನಿ.

ಮಾವ ನನ್ನ ಕಡೆಗೆ ತಿರುಗಿ, ಕೆಳಕ್ಕೆ ಕೇಳುವ ಹಾಗೆ, "ಇಲ್ಲೂ ಸೆಕೆ ಕಣವ್ವ. ಮುಚ್ಚುಬುಡು," ಎನ್ನುವರು.

ಹೊಳೆಯ ಆಚೆದಡ ಕಾಣದಷ್ಟು ಮಂಜು. ಊರೆಲ್ಲ ಗಡಗಡ ನಡುಗುತ್ತ ಒಲೆಯ ಮುಂದೆ ಕೂತಿರುವಾಗ ನಮ್ಮ ಮನೆಯಲ್ಲಿ ಮಾತ್ರ ಮೇಲೂ ಸೆಕೆ, ಕೆಳಗೂ ಸೆಕೆ. ಮಾವನ ಹಲ್ಲು ಕಟಕಟಿಸುತ್ತಿದ್ದವು, ಅತ್ತೆ ಸೆರಗಿನಲ್ಲಿ ಕಾಲು ಸುತ್ತಿಕೊಂಡಿದ್ದರು. ತನ್ನ ಪಾಲಿನ ಬಿಸುಪನ್ನು ಇನ್ನೊಬ್ಬರ ಮೇಲೆ ಹೇರುವುದಕ್ಕೆ ಇಷ್ಟು ಹಟ ಮಾಡಿದವರನ್ನು ನಾನು ಆಮೇಲೆ ಕಾಣಲಿಲ್ಲ.

ಹಟ ಒಂದು ಸಂಜೆ ಮಿತಿ ಮೀರಿತು. ನಾನು ಒಲೆ ಹೊತ್ತಿಸುತ್ತಿದ್ದೆ. ಅತ್ತೆ ದೀಪ ಹಚ್ಚಿ ಹಗ್ಗ ಎಳೆದರು. ಮುಚ್ಚಳ ಏಳಲಿಲ್ಲ. ಜೋತುಬಿದ್ದು ಎಳೆದರು. ಮಾವ ಎಲ್ಲಿಂದ ಶಕ್ತಿ ತಂದುಕೊಂಡರೋ, ಮಂಚದಿಂದಿಳಿದು ಕುಂಬಳಕಾಯಿಗಳನ್ನು ಮತ್ತೆ ಅದರ ಮೇಲೆ ಉರುಳಿಸಿಬಿಟ್ಟಿದ್ದರು. ಆ ಕೆಲಸದಲ್ಲೇ ಉಸಿರು ಸಿಕ್ಕಿಕೊಂಡಿತ್ತು. ಹಲಗೆಯನ್ನು ದಾಟಿ ಆ ಸಿಳ್ಳೆಯ ಸದ್ದು ನಮಗೆ ಕೇಳಿಸಿತು. ಅತ್ತೆ ಹಗ್ಗ ಬಿಟ್ಟರು.

"ದೀಪ ಇಡ್ಕ ಕಣವ್ವ," ಎಂದರು. ಹಿಡಿದೆ. ಅವರು ಹೋಗಿ ಮಹಡಿಯ ಮೆಟ್ಟಿಲಿಗೆ ಕೈಯೂರಿದರು.

ಬೇಡವೆಂದರೂ ಕೇಳಲಿಲ್ಲ. ಮಂಡಿ ಮಡಚದ ಕಾಲನ್ನು ಎಳೆದುಕೊಂಡು, ಒಂದು ಮೆಟ್ಟಿಲಿಗೆ ಕೂತು, ಅಲ್ಲಿಂದ ಇನ್ನೊಂದಕ್ಕೆ ಮೈಯನ್ನು ಎತ್ತಿ, ಹಾಗೇ ಮೇಲಕ್ಕೆ ಹೋದರು. ನಾನು ಹಿಂದೆ ದೀಪ ಹಿಡಿದು ಅವರ ಬೆನ್ನಿಗೆ ಭುಜ ಕೊಟ್ಟೆ. ನನ್ನ ಆ ಮೆಟ್ಟಿಲಿಗೆ ಬಂದಾಗ ಅವರ ತಲೆ ಮಹಡಿಯ ನೆಲದಿಂದ ಮೇಲೆದ್ದಿತು. ಎದುರಿಗೆ ಮಂಚದ ಕಾಲಿಗೆ ಒರಗಿ, ಕಣ್ಣು ಮೇಲೆ ಮಾಡಿ, ಗಾಳಿ ಹುಡುಕುತ್ತಿರುವ ಮಾವ. ಮಾವ ಅತ್ತೆಯನ್ನು ನೋಡಿದರು. ಅತ್ತೆ ಮಾವನನ್ನು ನೋಡಿದರು. ಮಹಡಿ ಕಟ್ಟಿದ ಮೇಲೆ ಎದುರೆದುರಿಗೆ ಒಬ್ಬರ ಮುಖ ಒಬ್ಬರು ಕಂಡದ್ದು ಅದೇ ಮೊದಲು.

"ದೇವ್ರಿಗಲ್ಲ, ನಿಮ್ಗೇ ಯೋಳ್ತಾ ಇರಾದು," ಎಂದರು ಅತ್ತೆ. "ಅರ್ಧ ತೆಗ್ದಿರ್ಲಿ. ನಿಮ್ಗರ್ಧ, ನನ್ಗರ್ಧ."

ಮಾವ ಒಂದು ಉಸಿರು ಎಳೆದುಕೊಂಡರು. "ನಿನ್ ಮಂಡಿ ನೋಯ್ತದಲ್ಲೇ," ಎಂದರು.

"ನೋಯ್ತದೆ. ಮತ್ತೆ ಮೆಟ್ಲು ಅತ್ತುಸ್ಬ್ಯಾಡಿ."

ನಾನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಯಜಮಾನರು ಕೊಟ್ಟಿಗೆಯಿಂದ ಬಂದು, ಮೆಟ್ಟಿಲ ಮೇಲೆ ಕೂತ ತಾಯಿಯನ್ನು ನೋಡಿ, ಅವರನ್ನು ದಾಟಿ ಹೋಗಿ ಕುಂಬಳಕಾಯಿಗಳನ್ನು ಇಳಿಸಿದರು. ಹಗ್ಗಕ್ಕೆ ನಡುವಿನಲ್ಲಿ ಗಂಟು ಹಾಕಿ ಮುಚ್ಚಳ ಅರ್ಧಕ್ಕೆ ನಿಲ್ಲುವ ಹಾಗೆ ಕಂಬಕ್ಕೆ ಬಿಗಿದರು. ಆ ವಾರವೆಲ್ಲ ಒಲೆ ಆರದ ಹಾಗೆ ಸೌದೆ ಹಾಕಿದೆ. ಮಾವನ ಉಸಿರು ಮೆಲ್ಲಗೆ ದಾರಿಗೆ ಬಂತು.

ಆಮೇಲಿನ ದಿನಗಳು ನನಗೆ ಕನಸಿನ ಹಾಗೆ ನೆನಪಿವೆ. ಮನೆಗೆಲ್ಲ ಒಂದೇ ಕಾಲ ಬಂದಿತ್ತು. ಪರೀಕ್ಷೆಗೆಂದು ಒಂದು ಗಡಿಗೆ ಮೇಲೆ, ಒಂದು ಗಡಿಗೆ ಕೆಳಗೆ ಹೆಪ್ಪಿಗಿಟ್ಟೆ. ಬೆಳಗ್ಗೆ ಎರಡೂ ಒಂದೇ ಹದದ ಮೊಸರು. ಮೆಟ್ಟಿಲಲ್ಲಿ ಚಳಿ ಎಲ್ಲಿ ಮುಗಿಯಿತು, ಬಿಸುಪು ಎಲ್ಲಿ ಶುರುವಾಯಿತು ಎಂದು ಹುಡುಕಿದರೂ ಸಿಗುತ್ತಿರಲಿಲ್ಲ. ಅತ್ತೆ ಮಾವ ಮತ್ತೆಂದೂ ನೇರವಾಗಿ ಮಾತಾಡಲಿಲ್ಲ. ಮತ್ತೆ ಸ್ವಾಮೀ, ಮತ್ತೆ ಕೆಮ್ಮು, ಮತ್ತೆ ಗಂಟೆ. ಅರ್ಧ ತೆರೆದ ಮುಚ್ಚಳದ ಅಡಿಯಿಂದ ದೀಪದ ಬೆಳಕು ಓರೆಯಾಗಿ ಬಂದು ಮಾವನ ಪಾದದ ಮೇಲೆ ಬೀಳುತ್ತಿತ್ತು. ಚಳಿ ಶಿವರಾತ್ರಿಗೆ ಶಿವ ಶಿವ ಎಂದು ಹೋಯಿತು. ಹೋಯಿತಲ್ಲಾ ಎಂದು ನನಗೆ ಬೇಸರವಾಯಿತು.

ಮಾವ ಹೋದದ್ದು ಚಳಿಯಲ್ಲಿ ಅಲ್ಲ. ಆಷಾಢದ ಗಾಳಿಯಲ್ಲಿ, ಒಂದು ಮಧ್ಯಾಹ್ನ, ಊಟ ಮಾಡಿ ಒರಗಿದವರು ಏಳಲಿಲ್ಲ. ಅತ್ತೆ ಜೋರಾಗಿ ಅಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಮೊದಲಿನಂತೆ ದೀಪ ಹಚ್ಚುತ್ತಿದ್ದರು. ಆದರೆ ದೇವರ ಹತ್ತಿರ ಒಂದು ಮಾತಿಲ್ಲ. ಗಂಟೆ ಮುಟ್ಟುತ್ತಿರಲಿಲ್ಲ.

ಮತ್ತೆ ಮಂಜು ಬಿತ್ತು. ಯಜಮಾನರು ಹಗ್ಗದ ಗಂಟು ಬಿಚ್ಚಲು ಹೋದರು.

"ಮ್ಯಾಲೆ ಯಾರೂ ಇಲ್ವಲ್ಲವ್ವ. ಮುಚ್ಚುಬುಡಾನ. ನೀನಾದ್ರೂ ಬೆಚ್ಗಿರು."

"ಮೊಸ್ರು ಎಪ್ಪಾಗ್ಬ್ಯಾಡ್ವೇನ್ಲಾ?" ಎಂದರು ಅತ್ತೆ. ಮೊಸರು ಕೆಳಗೂ ಹೆಪ್ಪಾಗುತ್ತಿತ್ತು. ಅದು ಅವರಿಗೂ ಗೊತ್ತು, ಮಗನಿಗೂ ಗೊತ್ತು. ಅವರು ಗಂಟನ್ನು ಹಾಗೇ ಬಿಟ್ಟು ಕೊಟ್ಟಿಗೆಗೆ ಹೋದರು.

ನಾನು ಮೊಸರಿನ ಗಡಿಗೆಯನ್ನು ಮೇಲಕ್ಕೆ ಒಯ್ಯುವುದನ್ನು ಬಿಡಲಿಲ್ಲ. ಒಂದು ಸಂಜೆ ಗೋಣಿ ಸುತ್ತಿಟ್ಟು ಬರಿಯ ಮಂಚದ ಮೇಲೆ, ಮಾವನ ಜಾಗದಲ್ಲಿ ಕೂತೆ. ಕಟಕಟೆಯ ಆಚೆಯಿಂದ ಬಿಸುಪು ಬಂದು ಮುಖಕ್ಕೆ ತಾಗಿತು. ಕೆಂಡದ ಹೊಗೆಯ ವಾಸನೆ ಚೂರೂ ಇರಲಿಲ್ಲ. ಕೆಂಡವನ್ನು ಇನ್ನೂ ಹಿತ್ತಲಲ್ಲಿ ಗಾಳಿಗಿಟ್ಟು, ಮೂಸಿ ನೋಡಿ ಒಳಗೆ ತರಿಸುತ್ತಿದ್ದರು ಅತ್ತೆ. ಯಾರ ಎದೆಗಾಗಿ? ಧೂಪ ಮೇಲೆ ಬಂದು ತೇಲತೊಡಗಿತು. ಅದನ್ನೇ ನೋಡುತ್ತ ಮಂಪರು ಬಂದಂತಿದ್ದಾಗ ಕೆಳಗಿನಿಂದ, ತಿಂಗಳುಗಳ ಮೇಲೆ, ಆ ದನಿ ಬಂತು.

"ಸ್ವಾಮೀ, ಬೆಚ್ಗಿದ್ದೀರಾ?"

ಯಾರೂ ಉತ್ತರ ಕೊಡಲಿಲ್ಲ. ಕೊಡುವವರು ಇರಲಿಲ್ಲ. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ಕಟಕಟೆಯ ಕಡೆಗೆ ತಿರುಗಿ, ಅಷ್ಟು ದಿನ ಕೇಳಿ ಕೇಳಿ ನನ್ನ ಗಂಟಲಿಗೇ ಬಂದುಬಿಟ್ಟಿದ್ದ ಹಾಗೆ, ಎರಡು ಸಲ ಕೆಮ್ಮಿದೆ.

ಕೆಳಗೆ ಸದ್ದಿಲ್ಲ. ಗಂಟೆಯೂ ಇಲ್ಲ. ಸೊಸೆಯಾದವಳು ಮಾಡಬಾರದ ಸಲುಗೆ ಮಾಡಿದೆನೇನೋ ಎಂದು ಸೆರಗು ಎಳೆದುಕೊಂಡು ಮಂಚದಿಂದ ಎದ್ದು ನಿಂತೆ.

"ನೀನೇ ಅಂತ ಗೊತ್ತು ಕಣವ್ವ," ಎಂದರು ಅತ್ತೆ. ಆಮೇಲೆ, "ಇನ್ನೊಂದ್ ಸಲ ಕೆಮ್ಮು," ಎಂದರು.

ಕೆಮ್ಮಿದೆ. ಕೆಳಗೆ ಗಂಟೆ ಅಲುಗಿತು.